ಹಿಟ್ಟಿನ ಕೋಳಿ ಮತ್ತು ಪರದೆಯ ಮೇಲಿನ ಬೇಟೆ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ ಘಟಪ್ರಭೆಯ ದಂಡೆಗಿರುವ ಊರು ಅನಗವಾಡಿ. ಇಂಥ ಊರಿನ ಒಂದು ಜೈನ ಮನೆಯ ಸಂಜೆಯನ್ನು ಕಲ್ಪಿಸಿಕೊಳ್ಳಬಹುದು. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿದಿದೆ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಇಟ್ಟಿದ್ದಾರೆ. ಒಲೆಯ ಬಳಿ ಹರಿದಾಡುತ್ತಿದ್ದ ಇರುವೆಗಳನ್ನು ಮನೆಯ ಸೊಸೆ ನೋಯದಂತೆ ಸರಿಸಿದ್ದಾಳೆ. ಹಿರಿಯರು ಸಾಮಾಯಿಕಕ್ಕೆ ಕುಳಿತಿದ್ದಾರೆ. ಅದೇ ಪಡಸಾಲೆಯ ಮೂಲೆಯಲ್ಲಿ 13 ವರ್ಷದ ಮೊಮ್ಮಗ ಮೊಬೈಲು ಹಿಡಿದು ಕುಳಿತಿದ್ದಾನೆ. ಅರ್ಧ ಗಂಟೆಯಲ್ಲಿ 11 ಜನರನ್ನು ಕೊಂದಿದ್ದಾನೆ. ಹಿರಿಯರು ಕಣ್ದೆರೆದು ಗದರಿದರೆ ಅವನ ಉತ್ತರ ಸಿದ್ಧವಾಗಿದೆ: “ಅಜ್ಜಾ, ಇದರಾಗ ಯಾರೂ ಸಾಯಂಗಿಲ್ಲ. ಎಲ್ಲಾ ಬರೇ ಚಿತ್ರ ಅದಾವ.”

ಈ ಉತ್ತರವನ್ನು ಉಡಾಫೆಯ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಯೋಗ್ಯವಲ್ಲ. ಹುಡುಗನು ತಿಳಿಯದೆಯೇ ಧರ್ಮಶಾಸ್ತ್ರದ ಒಂದು ಮೂಲಪ್ರಶ್ನೆಯನ್ನು ಎತ್ತಿದ್ದಾನೆ. ಜೀವವಿಲ್ಲದ ಆಕೃತಿಯನ್ನು ಕೊಂದರೆ ಹಿಂಸೆಯಾಗುವುದೆ? ಯಾವ ಪ್ರಾಣಿಯ ಪ್ರಾಣವೂ ಹೋಗದಿರುವಾಗ ಪಾಪಕ್ಕೆ ಆಸ್ಪದವೆಲ್ಲಿ? ಇರುವೆಯನ್ನು ಕಾಯುವ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ, ಇರುವೆಯನ್ನು ಕಾಯುವುದು ಬರಿಯ ರೂಢಿಯಾಗಿ ಉಳಿದೀತು.

ಮೊದಲು ಆಟವನ್ನು ಅರಿಯಬೇಕು. ದಕ್ಷಿಣ ಕೊರಿಯಾದಲ್ಲಿ 2017ರಲ್ಲಿ ಹೊರಬಂದ ಪಬ್‌ಜಿ ಎಂಬ ಆಟ 2018ರಲ್ಲಿ ಮೊಬೈಲಿಗೆ ಬಂದಿತು. ಅದರಲ್ಲಿ 100 ಜನ ಆಟಗಾರರು ವಿಮಾನದಿಂದ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಆಯುಧಗಳನ್ನು ಹುಡುಕಿಕೊಂಡು ಒಬ್ಬರನ್ನೊಬ್ಬರು ಕೊಲ್ಲುತ್ತ ಹೋಗುತ್ತಾರೆ. ಕಡೆಗೆ ಉಳಿದವನೇ ಗೆದ್ದವನು. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರ ಇದನ್ನೂ ಸೇರಿಸಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದಕ್ಕೆ ಕೊಟ್ಟ ಕಾರಣ ಆಟದೊಳಗಿನ ಕೊಲೆಯಲ್ಲ, ದೇಶದ ಸಾರ್ವಭೌಮತೆ ಮತ್ತು ಭದ್ರತೆ. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಿಂದ ಮರಳಿತು. 2022ರ ಜುಲೈನಲ್ಲಿ ಮತ್ತೆ ತಡೆಗೊಳಗಾಗಿ 2023ರ ಮೇ ತಿಂಗಳಲ್ಲಿ ತಿರುಗಿ ಬಂದಿತು. ಭಾರತೀಯ ಆವೃತ್ತಿಯಲ್ಲಿ ಕೆಲವು ಮಾರ್ಪಾಡುಗಳಾದವು. 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಗಳ ಮಿತಿ ಬಂದಿತು. ಗುಂಡು ತಗಲಿದಾಗ ಚಿಮ್ಮುವ ರಕ್ತದ ಕೆಂಪು ಬಣ್ಣ ಹೋಗಿ ಹಸಿರು ಬಂದಿತು. ಕೊಂದಾಗ ತೋರುತ್ತಿದ್ದ ‘ಕಿಲ್’ ಎಂಬ ಮಾತು ಹೋಗಿ ‘ಫಿನಿಶ್’ ಎಂಬ ಮಾತು ಬಂದಿತು. ಬಂದೂಕು ಮಾತ್ರ ಅದೇ, ಬೀಳುವ ದೇಹವೂ ಅದೇ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಚಿತ್ರವು ಬರಿಯ ಚಿತ್ರವೇ ಆಗಿದ್ದರೆ ಅದರ ರಕ್ತದ ಬಣ್ಣವನ್ನು ಬದಲಿಸುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಬದಲಿಸಿದರೆಂದರೆ, ನೋಡುವವನ ಮನಸ್ಸಿನಲ್ಲಿ ಏನೋ ನಡೆಯುತ್ತದೆಂಬುದನ್ನು ತಯಾರಿಸಿದವರೂ ಒಪ್ಪಿಕೊಂಡಂತಾಯಿತು.

ಈ ಆಟಗಳ ಕುರಿತು ಜಗತ್ತು ಯೋಚಿಸದೆ ಕುಳಿತಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿ 14ರಂದು ರಾಜ್ಯದ ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕುರಿತ ಹೊಸ ಶಾಸನವನ್ನು ಅಂಗೀಕರಿಸಿತು. ಹಣ ಕಟ್ಟಿಸಿಕೊಳ್ಳುವ ಆಟವನ್ನು ನಡೆಸುವವರಿಗೆ ಅದರಲ್ಲಿ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಲಾಗಿದೆ. ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತಕ್ಕೆ ರಾಜಶಾಸನವು ಹೀಗೆ ಕಡಿವಾಣ ಹಾಕಲು ಹೊರಟದ್ದು ಜೈನ ಮನೆಗಳಿಗೆ ಸಮಾಧಾನದ ಸಂಗತಿಯೇ. ಆದರೆ ಅದೇ ಶಾಸನ ಇ-ಸ್ಪೋರ್ಟ್ಸ್ ಎಂಬ ಸ್ಪರ್ಧೆಯ ಆಟಗಳಿಗೆ ಮನ್ನಣೆ ನೀಡಿದೆ. ಆಟದೊಳಗೆ ಏನನ್ನು ಮಾಡುತ್ತಾರೆ ಎಂಬುದು ಅದರ ಮುಖ್ಯ ಪ್ರಶ್ನೆಯಲ್ಲ.

ವೈದ್ಯಕೀಯವೂ ತನ್ನ ಕೆಲಸವನ್ನು ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ಮೊಬೈಲು, ಅಂತರಜಾಲಗಳ ಚಟಕ್ಕೆ ಬಿದ್ದವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ಗೀಳು ಒಂದು ವ್ಯಾಧಿಯಾಗಿ ಸೇರಿತು. ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿತು. ಇನ್ನು ಮನಃಶಾಸ್ತ್ರಜ್ಞರು ಕೊಲೆಯ ಆಟವಾಡಿದವನು ಹೊರಗೆ ಬಂದು ಇತರರನ್ನು ಹೊಡೆಯುತ್ತಾನೆಯೇ ಎಂದು ಬಹುಕಾಲ ಶೋಧಿಸಿದರು. ಅಮೆರಿಕದ ಮನಃಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದೇನೆಂದರೆ, ಕೂಗಾಟ, ತಳ್ಳಾಟಗಳಂಥ ಸಣ್ಣ ಉದ್ರೇಕಗಳೊಡನೆ ಅಲ್ಪ ಸಂಬಂಧ ಕಂಡರೂ, ಈ ಆಟಗಳೇ ಘೋರ ಕೃತ್ಯಗಳಿಗೆ ಕಾರಣವೆಂದು ಹೇಳಲು ಸಾಕಷ್ಟು ಆಧಾರವಿಲ್ಲ. ಆ ದೇಶದ ಸರ್ವೋಚ್ಚ ನ್ಯಾಯಾಲಯವಂತೂ 2011ರಲ್ಲಿಯೇ, ಮಕ್ಕಳಿಗೆ ಹಿಂಸಾತ್ಮಕ ಆಟಗಳನ್ನು ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಶಾಸನವನ್ನು ತಳ್ಳಿಹಾಕಿತ್ತು.

ಈ ತೀರ್ಮಾನಗಳನ್ನು ಶ್ರಾವಕನು ಅಲ್ಲಗಳೆಯಬೇಕಾಗಿಲ್ಲ. ಆಟವಾಡಿದ ಹುಡುಗರೆಲ್ಲ ಕೊಲೆಗಡುಕರಾಗುತ್ತಾರೆಂದು ಹೆದರಿಸುವುದು ಸತ್ಯವ್ರತಕ್ಕೆ ವಿರುದ್ಧವಾದ ಮಾತು. ಆದರೆ ಕಾನೂನು ಹಣದ ಚೀಲವನ್ನು ನೋಡಿತು. ವೈದ್ಯಕೀಯ ಗಡಿಯಾರವನ್ನು ನೋಡಿತು. ಮನಃಶಾಸ್ತ್ರ ನೆರೆಯವನ ಮೈಮೇಲೆ ಗಾಯವನ್ನು ಹುಡುಕಿತು. ಕೊಲ್ಲುವ ಆ ಗಳಿಗೆಯಲ್ಲಿ ಕೊಲ್ಲುವವನ ಆತ್ಮಕ್ಕೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಅದನ್ನು ಕೇಳಬೇಕಾದದ್ದು ಧರ್ಮ.

ಕನ್ನಡದ ಜೈನರಿಗೆ ಆ ಪ್ರಶ್ನೆ ಹೊಸದಲ್ಲ. ಮೊಬೈಲಿನ ಹೆಸರೇ ಇಲ್ಲದ ಕಾಲದಲ್ಲಿ ಅದನ್ನು ಕಥೆಯಾಗಿ ಹೇಳಿದವರಿದ್ದಾರೆ. ಸೋಮದೇವಸೂರಿ 959ರಲ್ಲಿ ಸಂಸ್ಕೃತದ ‘ಯಶಸ್ತಿಲಕ’ದಲ್ಲಿಯೂ, ಹೊಯ್ಸಳರ ಆಸ್ಥಾನಕವಿ ಜನ್ನ 1209ರಲ್ಲಿ ಕನ್ನಡದ ‘ಯಶೋಧರ ಚರಿತೆ’ಯಲ್ಲಿಯೂ ಹೇಳಿದ ಹಿಟ್ಟಿನ ಕೋಳಿಯ ಕಥೆ ಅದು. ಉಜ್ಜಯಿನಿಯ ಅರಸ ಯಶೋಧರನು ತನ್ನ ರಾಣಿ ಅಮೃತಮತಿಯ ಜಾರಸಂಬಂಧವನ್ನು ಕಂಡು ಕಳವಳಗೊಳ್ಳುತ್ತಾನೆ. ತಾಯಿ ಚಂದ್ರಮತಿಗೆ ಅದನ್ನು ನೇರವಾಗಿ ಹೇಳಲಾರದೆ ದುಃಸ್ವಪ್ನದ ನೆಪ ಹೇಳುತ್ತಾನೆ. ಕೇಡು ಕಳೆಯಲು ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವವಧೆಗೆ ಅವನು ಒಪ್ಪುವುದಿಲ್ಲ. ಕಡೆಗೆ ಇಬ್ಬರ ಮಾತೂ ಉಳಿಯುವಂತೆ ಒಂದು ಉಪಾಯ ಹೊಳೆಯುತ್ತದೆ: ಹಿಟ್ಟಿನಿಂದ ಕೋಳಿಯನ್ನು ಮಾಡಿಸಿ ಅದನ್ನು ಬಲಿ ಕೊಡುವುದು. ಕೋಳಿ ಎಷ್ಟು ಚೆಲುವಾಗಿ ಸಿದ್ಧವಾಯಿತೆಂದರೆ, ಅದರೊಳಗೆ ಒಂದು ಬೆಂತರ ಬಂದು ಸೇರಿತು. ಅರಸನು ಕತ್ತಿ ಬೀಸಿದಾಗ ಹಿಟ್ಟಿನ ಕೋಳಿ ಕೂಗಿತು. ಆ ಕೂಗಿಗೆ ಅರಸನ ಎದೆ ನಡುಗಿತು. ಮುಂದೆ ತಾಯಿಮಗ ಇಬ್ಬರೂ ರಾಣಿಯಿಟ್ಟ ವಿಷಕ್ಕೆ ತುತ್ತಾಗಿ ನವಿಲು, ನಾಯಿ, ಮೀನು, ಆಡು ಮೊದಲಾದ ಜನ್ಮಗಳಲ್ಲಿ ತೊಳಲಿ, ಕೊನೆಗೆ ಕೋಳಿಗಳಾಗಿಯೇ ಹುಟ್ಟಿದರು. ಆ ಜನ್ಮದಲ್ಲಿ ಅವರನ್ನು ಕೊಂದವನು ಯಶೋಧರನ ಮಗನೇ. ಸದ್ದು ಕೇಳಿ ಬಾಣ ಬಿಡುವ ತನ್ನ ಕೌಶಲವನ್ನು ಮೆರೆಯಲೆಂದು, ಆಟಕ್ಕಾಗಿ ಕೊಂದನು.

ಹಿಟ್ಟಿನ ಕೋಳಿಯಲ್ಲಿ ಜೀವವಿರಲಿಲ್ಲ. ಅದು ಹಿಟ್ಟೆಂಬುದು ಯಶೋಧರನಿಗೆ ಗೊತ್ತಿತ್ತು. ಆದರೂ ಕಥೆ ಅವನನ್ನು ಬಿಡುವುದಿಲ್ಲ. ಏಕೆಂದರೆ ಜೈನ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು, ಎಂದರೆ ಕಷಾಯದಿಂದ ಮಲಿನವಾದ ಮನೋವ್ಯಾಪಾರವನ್ನು ಇಡುತ್ತಾರೆ. ರೈತನು ಹೊಲ ಉಳುವಾಗ ಅನೇಕ ಜೀವಗಳು ಅಳಿಯುತ್ತವೆ. ಬೆಸ್ತನು ಬಲೆ ಹಿಡಿದು ಹೋಗಿ ಒಂದು ಮೀನೂ ಸಿಗದೆ ಹಿಂದಿರುಗಬಹುದು. ಆದರೂ ಕೊಲ್ಲುವ ಸಂಕಲ್ಪವಿದ್ದವನು ಬೆಸ್ತನೇ ಹೊರತು ರೈತನಲ್ಲ. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ಅಕ್ಕಿಕಾಳಿನಷ್ಟು ಗಾತ್ರದ ತಂಡುಲಮತ್ಸ್ಯದ ಕಥೆ ಪಾಠಶಾಲೆಯ ಮಕ್ಕಳಿಗೂ ಗೊತ್ತು. ದೊಡ್ಡ ಮೀನಿನ ತೆರೆದ ಬಾಯಿಂದ ಸಣ್ಣ ಮೀನುಗಳು ಪಾರಾಗುವುದನ್ನು ಕಂಡು, ‘ಈ ಬಾಯಿ ತನ್ನದಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ’ ಎಂದು ಅದು ಹಲುಬುತ್ತದೆ. ಒಂದು ಜೀವವನ್ನೂ ಕೊಲ್ಲದ ಆ ಮೀನು ಸತ್ತು ಸೇರುವುದು ಏಳನೆಯ ನರಕವನ್ನು.

ಗೃಹಸ್ಥನ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುವ ಕ್ರಮವುಂಟು. ಅಡುಗೆ, ಗುಡಿಸುವಿಕೆಗಳಲ್ಲಿ ಆಗುವುದು ಆರಂಭೀ; ಕೃಷಿ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ; ತನ್ನವರನ್ನು ರಕ್ಷಿಸುವಾಗ ಆಗುವುದು ವಿರೋಧೀ; ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಮೊದಲ ಮೂರನ್ನು ಶ್ರಾವಕನು ಮಿತಗೊಳಿಸಬೇಕು, ನಾಲ್ಕನೆಯದನ್ನು ಪೂರ್ತಿಯಾಗಿ ಬಿಡಬೇಕು. ಪರದೆಯ ಮೇಲಿನ ಕೊಲೆ ಇವುಗಳಲ್ಲಿ ಯಾವುದು? ಅದರಿಂದ ಅಡುಗೆಯಾಗದು, ಬೆಳೆ ಬಾರದು, ಯಾರ ರಕ್ಷಣೆಯೂ ಆಗದು. ಅದರಲ್ಲಿ ಸಿಗುವ ಜೀವಗಳು ಇಲ್ಲ, ಸಂಕಲ್ಪ ಮಾತ್ರ ಇದೆ. ದ್ರವ್ಯಹಿಂಸೆಯಿಲ್ಲದ ಭಾವಹಿಂಸೆ ಎಂಬುದನ್ನು ಆಚಾರ್ಯರು ತರ್ಕಕ್ಕಾಗಿ ಹೇಳಿದ್ದರು; ಈ ಕಾಲದ ಕೈಗಾರಿಕೆ ಅದನ್ನೇ ಸಾಮಾನಾಗಿ ಮಾಡಿ ಮಾರುತ್ತಿದೆ.

ಇಲ್ಲಿ ಹುಡುಗನ ಪರವಾಗಿ ಹೇಳಬೇಕಾದ ಮಾತುಗಳಿವೆ. ಅವನ್ನು ಮುಚ್ಚಿಟ್ಟರೆ ವಿಚಾರ ಏಕಾಂತವಾಗುತ್ತದೆ. ಯಶೋಧರನು ನಿಜವಾದ ಬಲಿಗೆ ಬದಲಾಗಿ, ಅದರ ಫಲವನ್ನೇ ಬಯಸಿ ಹಿಟ್ಟಿನ ಕೋಳಿಯನ್ನು ಕಡಿದನು. ಹುಡುಗನಿಗೆ ಅಂಥ ಬಯಕೆಯಿಲ್ಲ. ಗೆಳೆಯರೊಡನೆ ಕೂಡಿ ಗೆಲ್ಲುವುದು, ಕೈಚಳಕ ತೋರಿಸುವುದು, ಇಷ್ಟೇ ಅವನ ಮನಸ್ಸಿನಲ್ಲಿ ಇರಬಹುದು. ಕರ್ಮಬಂಧವು ಭಾವದ ತೀವ್ರತೆ-ಮಂದತೆಗಳನ್ನು, ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು ಎಂಬುದನ್ನು ಅನುಸರಿಸಿ ಬೇರೆಯಾಗುತ್ತದೆಂದು ಶಾಸ್ತ್ರವೇ ಹೇಳುತ್ತದೆ. ಆದುದರಿಂದ ಪರದೆಯ ಕೊಲೆಯನ್ನು ನಿಜವಾದ ಕೊಲೆಗೆ ಸಮನೆಂದು ಹೇಳುವುದು ಸರಿಯಲ್ಲ. ಚದುರಂಗದಲ್ಲಿ ಆನೆಯನ್ನು ಹೊಡೆದವನ ಮೇಲೆ ಯಾರೂ ಪಾಪ ಹೊರಿಸುವುದಿಲ್ಲ. ಅಲ್ಲಿ ಆನೆಯೆಂಬುದು ಒಂದು ಹೆಸರು ಮಾತ್ರ; ಹೊಡೆಸಿಕೊಂಡ ಆನೆ ನರಳುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಹುಡುಗನು ಯಶೋಧರನಿಗಿಂತ ಕೆಳಗಿನ ಮೆಟ್ಟಿಲಲ್ಲಿದ್ದಾನೆ. ಹಿಟ್ಟಿನ ಕೋಳಿ ಕೂಗಿದಾಗ ಯಶೋಧರನಿಗೆ ಪಶ್ಚಾತ್ತಾಪವಾಯಿತು. ಆ ಕೂಗೇ ಅವನಿಗೆ ತನ್ನ ಸಂಕಲ್ಪದ ಮುಖವನ್ನು ತೋರಿಸಿತು. ಪರದೆಯ ಮೇಲೆ ಬಿದ್ದವನು ಕೂಗಿದಾಗ ಆಟಗಾರನಿಗೆ ಸಿಗುವುದು ಅಂಕ. ಅಲ್ಲಿ ಕೂಗು ಎಚ್ಚರಿಸುತ್ತದೆ. ಇಲ್ಲಿ ಕೂಗು ಬಹುಮಾನವಾಗುತ್ತದೆ. ಇನ್ನೊಂದು ಜೀವ ನರಳಿದಾಗ ಎದೆಯೊಳಗೆ ತಾನಾಗಿಯೇ ಏಳುವ ಕಂಪನವುಂಟಲ್ಲ, ಅನುಕಂಪೆಯೆಂದು ಅದಕ್ಕೆ ಹೆಸರು. ಸಮ್ಯಕ್ತ್ವದ ಲಕ್ಷಣಗಳಲ್ಲಿ ಅದನ್ನೂ ಎಣಿಸುತ್ತಾರೆ. ಆ ಕಂಪನ ಏಳಬೇಕಾದ ಸ್ಥಳದಲ್ಲಿ ಸಾವಿರ ಸಲ ಸಂತೋಷವನ್ನು ಏಳಿಸಿದರೆ ಏನಾಗುತ್ತದೆ? ಹುಡುಗನು ಹೊರಗೆ ಹೋಗಿ ಯಾರನ್ನೂ ಹೊಡೆಯದಿರಬಹುದು. ಆದರೆ ರೌದ್ರಧ್ಯಾನದ ಮೊದಲ ಬಗೆಯಾದ ಹಿಂಸಾನಂದಕ್ಕೆ ಅವನ ಮನಸ್ಸಿನಲ್ಲಿ ದಿನವೂ ಚಾಪೆ ಹಾಸಿದಂತಾಗುತ್ತದೆ.

ಕಲೆಯಲ್ಲಿ ಹಿಂಸೆ ಬರಲೇಬಾರದೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವಾಗಿ ಅನಗವಾಡಿಯ ಸೀಮೆಯವನೇ ಆದ ಮುಧೋಳದ ರನ್ನನನ್ನು ನೆನೆಯಬೇಕು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಜೈನ ಮಹಾಕವಿ ಅಜಿತ ತೀರ್ಥಂಕರರ ಪುರಾಣವನ್ನೂ ಬರೆದನು, ಭೀಮ-ದುರ್ಯೋಧನರ ಗದಾಯುದ್ಧವನ್ನೂ ಬರೆದನು. ಆದರೆ ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತ ದ್ರೋಣನಿಗಾಗಿ, ತಮ್ಮನಿಗಾಗಿ, ಕರ್ಣನಿಗಾಗಿ ಅಳುತ್ತಾನೆ, ಶತ್ರುವಿನ ಮಗನಾದ ಅಭಿಮನ್ಯುವನ್ನೂ ಕಂಡು ಮೆಚ್ಚುತ್ತಾನೆ. ಅಲ್ಲಿ ಸತ್ತ ಪ್ರತಿಯೊಬ್ಬನಿಗೂ ಹೆಸರಿದೆ, ಅಳುವವರಿದ್ದಾರೆ. ಓದುಗನು ಗದೆಯನ್ನು ಬೀಸುವುದಿಲ್ಲ. ಬೀಸಿದ್ದರ ಫಲವನ್ನು ನೋಡುತ್ತಾನೆ. ಹಿಂಸೆಯನ್ನು ಚಿತ್ರಿಸುವುದು ಬೇರೆ, ಹಿಂಸೆಯಲ್ಲಿ ಆನಂದಪಡುವುದನ್ನು ಅಭ್ಯಾಸ ಮಾಡಿಸುವುದು ಬೇರೆ. ಆಟದ ಪರದೆಯಲ್ಲಿ ಬಿದ್ದ ಹೆಣ ಕ್ಷಣಮಾತ್ರದಲ್ಲಿ ಮಾಯವಾಗುತ್ತದೆ. ಅದಕ್ಕಾಗಿ ಅಳುವವರು ಯಾರೂ ಇಲ್ಲ.

ಆಟವಾಡುವುದೇ ತಪ್ಪೆಂಬ ಅರ್ಥವೂ ಇಲ್ಲಿಲ್ಲ. ಇಂದು ಮಕ್ಕಳು ಆಡುವ ಹಾವು-ಏಣಿಯಾಟದ ಹಳೆಯ ರೂಪಗಳಲ್ಲಿ ಜೈನರದೂ ಒಂದು. 84 ಮನೆಗಳ ಆ ಪಟದಲ್ಲಿ ಪುಣ್ಯವು ಏಣಿಯಾಗಿ ಮೇಲೆತ್ತುತ್ತದೆ, ಪಾಪವು ಹಾವಾಗಿ ಕೆಳಗಿಳಿಸುತ್ತದೆ. ಅದನ್ನು ರಚಿಸಿದವರಿಗೆ ಒಂದು ಗುಟ್ಟು ತಿಳಿದಿತ್ತು: ಆಟವು ಯಾವುದಕ್ಕೆ ಅಂಕ ಕೊಡುತ್ತದೆಯೋ ಅದನ್ನೇ ಮನಸ್ಸಿಗೆ ಕಲಿಸುತ್ತದೆ. ಕಂಪ್ಯೂಟರಿನಲ್ಲಿಯೂ ಲೆಕ್ಕ ಬಿಡಿಸುವ, ಮನೆ ಕಟ್ಟುವ, ತೋಟ ಬೆಳೆಸುವ ಆಟಗಳು ಬೇಕಾದಷ್ಟಿವೆ. ಆದುದರಿಂದ ಪರೀಕ್ಷಿಸಬೇಕಾದದ್ದು ಯಂತ್ರವನ್ನಲ್ಲ, ಅಂಕವನ್ನು.

ಇನ್ನು ಈ ಆಟಗಳನ್ನು ತಯಾರಿಸುವವರ ಮಾತು. ಇದು ಪರದೇಶದ ಸಂಗತಿಯೆಂದು ಸುಮ್ಮನಿರುವಂತಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರ‍್ಯಾಕ್ಟಿವ್ ಈ ದೇಶದ ಆಟ ತಯಾರಿಕೆಯ ಮೊದಲ ಸಂಸ್ಥೆಗಳಲ್ಲಿ ಒಂದು. 2019ರಲ್ಲಿ ಅದು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯ ಕೈಸೇರಿ, ಅದರ ಬೆಂಗಳೂರು ಶಾಖೆಯೊಡನೆ ಒಂದಾಯಿತು. ಕಾರುಗಳ್ಳತನವನ್ನೇ ಹೆಸರಿನಲ್ಲಿ ಹೊತ್ತ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಆ ಕಂಪನಿಯದು. 2013ರಲ್ಲಿ ಬಂದ ಅದರ ಐದನೆಯ ಆಟದ 20 ಕೋಟಿಗಿಂತ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಅದೇ ಕಂಪನಿ 2018ರಲ್ಲಿ ಹೊರತಂದ ‘ರೆಡ್ ಡೆಡ್ ರಿಡೆಂಪ್ಶನ್ 2’ ಎಂಬ ಆಟದಲ್ಲಿ ಸುಮಾರು 200 ಬಗೆಯ ಪ್ರಾಣಿಪಕ್ಷಿಗಳಿವೆ. ಆಟಗಾರನು ಅವನ್ನು ಬೇಟೆಯಾಡಿ ಚರ್ಮ ಸುಲಿಯಬಹುದು. ಅದರ ತಯಾರಿಕೆಯಲ್ಲಿ ಬೆಂಗಳೂರಿನ ಕೈಗಳೂ ದುಡಿದಿವೆ. ಸಪ್ತವ್ಯಸನಗಳಲ್ಲಿ ದ್ಯೂತ, ಬೇಟೆ, ಕಳವು ಎಂಬ ಮೂರು ಅಂಗೈಯಗಲದ ಗಾಜಿನೊಳಗೆ ಬಂದು ಕುಳಿತಿವೆ. ಮೊದಲನೆಯದನ್ನು ಮಾತ್ರ ಶಾಸನ ಮುಟ್ಟಿದೆ.

ಉತ್ತರ ಕರ್ನಾಟಕದ ಅನೇಕ ಜೈನ ಮನೆಗಳ ಮಕ್ಕಳು ಇಂದು ಬೆಂಗಳೂರು, ಪುಣೆಗಳಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದಾರೆ. ಅವರಲ್ಲೊಬ್ಬನಿಗೆ ಇಂಥ ಆಟಕ್ಕಾಗಿ ಗಾಯಗೊಂಡ ಜಿಂಕೆಯ ಕುಂಟು ನಡಿಗೆಯನ್ನು ರೂಪಿಸುವ ಕೆಲಸ ದೊರೆತರೆ ಅದು ಉದ್ಯೋಗೀ ಹಿಂಸೆಯಾಗುವುದೆ, ಅಥವಾ ಅನರ್ಥದಂಡವೆ? ಆದಿನಾಥರು ಉಪದೇಶಿಸಿದ ಆರು ಜೀವನೋಪಾಯಗಳಲ್ಲಿ ಶಿಲ್ಪವೂ ಒಂದು, ಕೌಶಲ ನಿಂದ್ಯವಲ್ಲ. ಆದರೆ ಸಮಂತಭದ್ರಾಚಾರ್ಯರು ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವನ್ನೂ ಅಪಧ್ಯಾನವನ್ನೂ ಹೇಳಿದ್ದಾರೆ. ಹಿಂಸೆಯ ಉಪಕರಣವನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ಇತರರ ವಧೆ-ಬಂಧನಗಳನ್ನು ಮನಸ್ಸಿನಲ್ಲಿ ಚಿಂತಿಸುವುದು ಅಪಧ್ಯಾನ. ಹಿಟ್ಟಿನ ಕೋಳಿಯನ್ನು ಮಾಡಿದ ಕುಶಲಿಯ ಕಡೆಗೆ ಕಥೆ ತಿರುಗಿ ನೋಡುವುದಿಲ್ಲ. ಅಂದು ಅವನು ಒಂದು ಕೋಳಿಯನ್ನು ಮಾಡಿದನು. ಇಂದಿನ ಕುಶಲಿ ಮಾಡಿದ ಒಂದು ಜಿಂಕೆಯನ್ನು ಕೋಟಿ ಜನ ಕೋಟಿ ಸಲ ಕೊಲ್ಲುತ್ತಾರೆ. ಆಡುವವನದು ಕೃತ, ಮಾಡಿಕೊಟ್ಟವನದು ಕಾರಿತ, ಇನ್ನೊಬ್ಬರ ಆಟವನ್ನು ಮೊಬೈಲಿನಲ್ಲಿ ನೋಡಿ ಭೇಷ್ ಎನ್ನುವವನದು ಅನುಮೋದಿತ. ಮೂರೂ ಬಾಗಿಲುಗಳಿಂದ ಆಸ್ರವವಾಗುತ್ತದೆ. ಬೇರೆ ಕೆಲಸ ಸಿಗುವಾಗ ಇದನ್ನು ಬಿಡುವುದು ಆ ಯುವಕನಿಗೆ ಶ್ರೇಯಸ್ಕರ. ಸಿಗದಿರುವಾಗ, ಇದು ನಿರ್ದೋಷವಾದುದೆಂದು ತನ್ನನ್ನು ತಾನು ವಂಚಿಸಿಕೊಳ್ಳದೆ ಇರುವುದಾದರೂ ಸಾಧ್ಯ.

ಹಾಗಾದರೆ ಮನೆಯ ಹಿರಿಯರು ಮಾಡಬೇಕಾದದ್ದೇನು? ಮೊಬೈಲು ಕಸಿದುಕೊಂಡರೆ ಹುಡುಗನು ಗೆಳೆಯನ ಮನೆಗೆ ಹೋಗುತ್ತಾನೆ. ಅದಲ್ಲದೆ, ಆ ಮೊಬೈಲನ್ನು ಅವನ ಕೈಗೆ ಮೊದಲು ಕೊಟ್ಟವರು ಯಾರು? ಎರಡು ವರ್ಷದ ಕೂಸು ಅಳು ನಿಲ್ಲಿಸಲೆಂದು, ತುತ್ತು ನುಂಗಲೆಂದು ಮನೆಯವರೇ ಕೊಟ್ಟದ್ದು. ತಾವು ಮಾಡಿದ್ದನ್ನು ಮರೆತು ಮಗುವನ್ನು ಮಾತ್ರ ದೂರುವುದು ನ್ಯಾಯವಲ್ಲ. ಬಸದಿಗಳ ಟ್ರಸ್ಟುಗಳು ರಜೆಯ ದಿನಗಳಲ್ಲಿ ನಡೆಸುವ ಪಾಠಶಾಲೆಗಳಲ್ಲಿ ಯಶೋಧರನ ಕಥೆಯನ್ನು ಹೇಳಿ, ಮೊಬೈಲಿನ ಆಟವನ್ನು ಅದರ ಪಕ್ಕದಲ್ಲಿಟ್ಟು ಮಕ್ಕಳಿಂದಲೇ ಚರ್ಚೆ ಮಾಡಿಸಬಹುದು. ಮಕ್ಕಳು ಹಿರಿಯರಿಗಿಂತ ಚೆನ್ನಾಗಿ ವಾದಿಸುತ್ತಾರೆ. ವಾದಿಸುತ್ತ ತಮ್ಮ ಮನಸ್ಸನ್ನು ತಾವೇ ಕಾಣುತ್ತಾರೆ.

ವ್ಯಾಪಾರಿಯು ರಾತ್ರಿ ಅಂಗಡಿ ಮುಚ್ಚುವ ಮೊದಲು ಕೀರ್ದಿ ಬರೆಯುತ್ತಾನೆ. ಶ್ರಾವಕನು ದಿನದ ಕೊನೆಗೆ ಪ್ರತಿಕ್ರಮಣದಲ್ಲಿ ತನ್ನ ಮನ, ವಚನ, ಕಾಯಗಳ ಲೆಕ್ಕ ನೋಡುತ್ತಾನೆ. ಅನಗವಾಡಿಯ ಆ ಪಡಸಾಲೆಯಲ್ಲಿಯೂ ಸಂಜೆ ಎರಡು ಲೆಕ್ಕಗಳು ನಡೆಯುತ್ತವೆ. ಹಿರಿಯರ ಲೆಕ್ಕದಲ್ಲಿ ಕಾಲಿಗೆ ಸಿಕ್ಕ ಒಂದು ಇರುವೆ ಖರ್ಚಿನ ಕಡೆಗೆ ಬೀಳುತ್ತದೆ. ಹುಡುಗನ ಪರದೆಯಲ್ಲಿ 11 ಕೊಲೆಗಳು ಜಮಾ ಕಡೆಗೆ ಬೀಳುತ್ತವೆ. ಒಂದೇ ಮನೆಯಲ್ಲಿ ಎರಡು ಪುಸ್ತಕಗಳು ಹೀಗೆ ಬೇರೆ ಬೇರೆಯಾಗಿ ನಡೆಯುವುದು ಮನೆತನಕ್ಕೆ ಒಳ್ಳೆಯದಲ್ಲ.

ಅಜ್ಜನು ಗದರುವ ಬದಲು ಮೊಮ್ಮಗನ ಪಕ್ಕದಲ್ಲಿ ಕುಳಿತು ಒಂದು ಆಟವನ್ನು ಮುಗಿಯುವವರೆಗೆ ನೋಡಲಿ. ಯಾರೂ ಸಾಯುವುದಿಲ್ಲವೆಂಬ ಅವನ ಮಾತನ್ನು ಒಪ್ಪಲಿ, ಅದು ನಿಜವೇ. ಹಿಟ್ಟಿನ ಕೋಳಿಯ ಕಥೆಯನ್ನು ಹೇಳಲಿ. ಅನಂತರ ಒಂದೇ ಪ್ರಶ್ನೆಯನ್ನು ಕೇಳಲಿ: “ತಮ್ಮಾ, ಬಿದ್ದಾಂವ ಒದರಿದಾಗ ನಿನ್ನ ಮನಸಿನ್ಯಾಗ ಏನ ಅನಸ್ತೈತಿ?” ಉತ್ತರವನ್ನು ಅಜ್ಜ ಹೇಳಬಾರದು. ಹುಡುಗನು ಕ್ಷಣಕಾಲ ಸುಮ್ಮನೆ ಕುಳಿತನೆಂದರೆ, ಆ ಕೂಗು ಅವನಿಗೆ ಕೇಳಿಸಿತೆಂದು ತಿಳಿಯಬೇಕು.